ಕೇಮನ್ ಪರ್ಮಿಟ್‌ಗೆ ದುಡ್ಡು ಕೇಳಿದರೆ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಕೆರಿಬಿಯನ್ ಸಮುದ್ರದ ಕೇಮನ್ ಐಲೆಂಡ್ಸ್‌ನಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ವರ್ಕ್ ಪರ್ಮಿಟ್‌ಗೆ ದುಡ್ಡು ಕೇಳಿದರೆ ಕೊಡಬೇಡಿ. ನಾನು ಕೊಟ್ಟೆ. 1,80,000 ರೂಪಾಯಿ! ಹೇಳಿಕೊಳ್ಳೋಕೂ ನಾಚಿಕೆ, ಯಾಕಂದ್ರೆ ನಾನೇನು ಹೊಸಬನಲ್ಲ, ನಾಲ್ಕು ಕಾಂಟ್ರಾಕ್ಟ್ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ದುಡಿದವನು. ಕೇಮನ್ ರಾಜಧಾನಿ ಜಾರ್ಜ್ ಟೌನ್ ಎದುರು ಎಷ್ಟು ಸಲ ಲಂಗರು ಹಾಕಿದ್ದೇವೋ ಲೆಕ್ಕವಿಲ್ಲ. ಅಲ್ಲಿ ಕ್ರೂಸ್ ಹಡಗು ಕಟ್ಟುವ ಧಕ್ಕೆ ಇಲ್ಲ, ಪ್ಯಾಸೆಂಜರ್‌ಗಳು ಸಣ್ಣ ಬೋಟ್‌ನಲ್ಲಿ ದಡಕ್ಕೆ ಹೋಗುತ್ತಾರೆ. ಆ ದಡ ನೋಡಿ ನೋಡಿ, ಅಲ್ಲೇ ಒಂದು ಹೋಟೆಲ್ ಸೇರಿಬಿಡಬೇಕು ಅಂತ ಆಸೆ ಹುಟ್ಟಿತ್ತು.

ಏಜೆಂಟ್ ನಮ್ಮ ಮಂಗಳೂರಿನವನೇ. 'ಫೈಲ್ ಓಪನ್' ಅಂತ ಮೊದಲು 30 ಸಾವಿರ, ಆಮೇಲೆ ಪರ್ಮಿಟ್ ಫೀ ಅಂತ ಒಂದೂವರೆ ಲಕ್ಷ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟೆ. ಪರ್ಮಿಟ್‌ನ ಪಿಡಿಎಫ್ ಬಂತು, ನನ್ನ ಫೋಟೋ, ಕೆಂಪು ಸೀಲು ಎಲ್ಲ ಇತ್ತು. ಮನೆಯಲ್ಲಿ ಪಾಯಸ ಬೇರೆ ಮಾಡಿದ್ವಿ.

ರಾತ್ರಿ ಸುಮ್ನೆ ಜೂಮ್ ಮಾಡಿ ನೋಡ್ತಾ ಇದ್ದೆ. ಕೊನೆಯಲ್ಲಿ ಒಂದು ಸಾಲು: ಯಾವ ಹೋಟೆಲ್‌ನಲ್ಲಾದರೂ ಕೆಲಸ ಮಾಡಬಹುದು. ಎದೆ ಧಸಕ್ ಅಂತು. ಅಲ್ಲಿಯ ಪರ್ಮಿಟ್ ಒಬ್ಬ ಮಾಲೀಕನಿಗೆ, ಒಂದು ಕೆಲಸಕ್ಕೆ ಅಂತ ಕೊಡೋದು. ಅರ್ಜಿ ಹಾಕೋದೂ ಮಾಲೀಕ, ಫೀ ಕಟ್ಟೋದೂ ಮಾಲೀಕ, ಕೆಲಸಗಾರನಿಂದ ಅದನ್ನು ವಸೂಲಿ ಮಾಡೋ ಹಾಗಿಲ್ಲ. ಪತ್ರದ ಮೇಲೆ 'ಇಮಿಗ್ರೇಷನ್ ಡಿಪಾರ್ಟ್‌ಮೆಂಟ್' ಅಂತ ಇತ್ತು, 2019ರಿಂದ ಪರ್ಮಿಟ್ ನೋಡಿಕೊಳ್ಳೋದು ವೋರ್ಕ್ (WORC) ಅನ್ನೋ ಇಲಾಖೆ. ಇದೆಲ್ಲ ದುಡ್ಡು ಕೊಡೋ ಮೊದಲು ಹುಡುಕಬೇಕಿತ್ತು, ಅಲ್ವಾ? ಬೆಳಗಿನ ಜಾವ ಮೂರು ಗಂಟೆಗೆ ಹುಡುಕಿದೆ.

ಏಜೆಂಟ್ ಹೇಳಿದ್ದ ಹೋಟೆಲ್‌ಗೆ ಮೇಲ್ ಹಾಕಿದೆ. ನಿಮ್ಮ ಹೆಸರಲ್ಲಿ ನಾವು ಯಾವ ಅರ್ಜಿಯೂ ಹಾಕಿಲ್ಲ ಅಂತ ಉತ್ತರ ಬಂತು.

ಏಜೆಂಟ್‌ಗೆ ಅದನ್ನು ಕಳಿಸಿದರೆ, "ಸರ್, ಅದು ಹೊಸ ಸಿಸ್ಟಮ್, ಹೋಟೆಲ್‌ನವರಿಗೆ ಗೊತ್ತಿರಲ್ಲ." ಹೋಟೆಲ್‌ನವರಿಗೇ ಗೊತ್ತಿರಲ್ಲವಂತೆ! ಮತ್ತೆ ಕೇಳಿದರೆ, "ಗೂಗಲ್ ನೋಡಿ ತಲೆ ಕೆಡಿಸ್ಕೋಬೇಡಿ. ಹಡಗಲ್ಲಿ ಇದ್ದವರು, ನೀವೇ ಹೀಗಂದ್ರೆ ಹೇಗೆ ಸರ್?" ಈ ಮಾತು ಈಗಲೂ ಉರಿಯುತ್ತೆ. ಆಮೇಲೆ, "ಇನ್ನು 20 ಸಾವಿರ ಹಾಕಿ, ಕರೆಕ್ಷನ್ ಮಾಡಿಸ್ತೀನಿ." ನಿಜ ಹೇಳ್ತೀನಿ, ಒಂದು ಕ್ಷಣ ಹಾಕೋಣ ಅಂತಲೂ ಅನಿಸಿತ್ತು. ದುಡ್ಡು ವಾಪಸ್ ಕೊಡಿ ಅಂದ ತಕ್ಷಣ ಬ್ಲಾಕ್.

ವಿದೇಶಕ್ಕೆ ಜನ ಕಳಿಸುವ ಏಜೆಂಟ್‌ಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕು, ಸರ್ಕಾರದ ಇಮೈಗ್ರೇಟ್ (eMigrate) ಪೋರ್ಟಲ್‌ನಲ್ಲಿ ಹೆಸರು ನೋಡಿ. ಲೈಸೆನ್ಸ್ ಇದ್ದವರೂ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ನನ್ನವನ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದೇನೆ, ಬಳೆ ಇನ್ನೂ ಸೊಸೈಟಿಯಲ್ಲೇ ಇದೆ.

ಮೊನ್ನೆ ತಮ್ಮನ ಫೋನ್‌ನಲ್ಲಿ ಆ ಏಜೆಂಟ್‌ನ ಸ್ಟೇಟಸ್ ನೋಡಿದೆ. ವಿಮಾನದ ಚಿತ್ರ, ಕೆಳಗೆ 'ಕೇಮನ್, ಎರಡೇ ಸೀಟು ಬಾಕಿ.'