ಅವಳಿ ಗುಂಡಿಯೋ, ಸೆಪ್ಟಿಕ್ ಟ್ಯಾಂಕೋ?

ಸ್ವಚ್ಛ ಭಾರತ್ ಮಿಷನ್‌ನಲ್ಲಿ ಹಳ್ಳಿಯ ಅರ್ಹ ಕುಟುಂಬಕ್ಕೆ ಶೌಚಾಲಯಕ್ಕೆಂದು 12,000 ರೂಪಾಯಿ ಸಿಗುತ್ತೆ. ಅದರಲ್ಲಿ ಅವಳಿ ಗುಂಡಿ (ಒಂದಾದ ಮೇಲೊಂದು ಬಳಸುವ ಎರಡು ಗುಂಡಿ) ಕಟ್ಟಿಸಲೋ, ಸೆಪ್ಟಿಕ್ ಟ್ಯಾಂಕ್ (ಕೊಳೆ ತಂಗುವ ಮುಚ್ಚಿದ ತೊಟ್ಟಿ) ಕಟ್ಟಿಸಲೋ ಅಂತ ಕೇಳಿದ್ದೀರಿ.

ಖರ್ಚಿಗೆ ಅವಳಿ ಗುಂಡಿಯೇ ಅಗ್ಗ. ಟ್ಯಾಂಕಿಗೆ ಕೈಯಿಂದ ಜಾಸ್ತಿ ಹಾಕಬೇಕು. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಬಿಡಿ, ಒಳಗಿದ್ದದ್ದು ಗೊಬ್ಬರವಾಗುತ್ತದೆ. ಟ್ಯಾಂಕಿಗೆ ಎರಡು ಮೂರು ವರ್ಷಕ್ಕೊಮ್ಮೆ ಕೊಳೆ ಹೀರಿಕೊಂಡು ಹೋಗುವ ಸಕ್ಕಿಂಗ್ ಗಾಡಿ ಬೇಕು. ನಿಮ್ಮ ಓಣಿಗೆ ಅದು ಬರುತ್ತಾ?

ಬಾವಿ ನೀರು ಕುಡಿಯುವವರು ಮಾತ್ರ ಹುಷಾರು. ಅವಳಿ ಗುಂಡಿಯ ಗೋಡೆಯಲ್ಲಿ ಬೇಕೆಂದೇ ಸಂದು ಬಿಟ್ಟಿರುತ್ತಾರೆ, ನೀರು ಮಣ್ಣಿಗೆ ಇಂಗಲಿ ಅಂತ. ಕರಾವಳಿಯಂತೆ ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬರುವ ಕಡೆ ಆ ಕೊಳೆ ಬಾವಿ ಸೇರಬಹುದು. ಅಲ್ಲಿ ಸೋರದ ಟ್ಯಾಂಕೇ ವಾಸಿ. ಟ್ಯಾಂಕಿನ ಕೊಳವೆಯಿಂದ ಹೊರಬರುವ ನೀರನ್ನು ಚರಂಡಿಗೆ ಬಿಡಲೇಬೇಡಿ. ಅದಕ್ಕೆ ಬಾವಿಯಿಂದ ದೂರ, ಬಾವಿಯ ಕಡೆಗೆ ಇಳಿಜಾರಿಲ್ಲದ, ಅಂತರ್ಜಲ ಮೇಲೆ ಬಾರದ ಜಾಗದಲ್ಲಿ ಇಂಗುಗುಂಡಿ ಮಾಡಿಸಿ. ನೀರು ಆಳದಲ್ಲಿದ್ದು ಮಣ್ಣು ಚೆನ್ನಾಗಿ ಇಂಗಿಸಿಕೊಂಡರೆ ಅವಳಿ ಗುಂಡಿಯೇ ಸಾಕು.