ಹೈಸ್ಕೂಲ್ ಮಕ್ಕಳ ಆರೋಗ್ಯ ವೃತ್ತಿ ಕೋರ್ಸ್: ಕೈಕೆಲಸ ಚೆನ್ನಾಗಿ ಕಲಿಸ್ತಾರೆ, ಮಾತು ಕಲಿಸೋದು ಸಾಲದು

ಹೈಸ್ಕೂಲ್ ಮಕ್ಕಳನ್ನು ಆಸ್ಪತ್ರೆ ಕೆಲಸಕ್ಕೆ ತಯಾರು ಮಾಡ್ತೀವಿ ಅನ್ನುವ ಕೋರ್ಸ್‌ಗಳು ಈಗ ಬೇಕಾದಷ್ಟಿವೆ. ಹೆಚ್ಚಿನವು ಬಯಾಲಜಿ ಟ್ಯೂಷನ್‌ಗೆ ಬಿಳಿ ಕೋಟು ತೊಡಿಸಿದ ಹಾಗಿರುತ್ತವೆ. ನನ್ನ ಮಗಳು ಮುಗಿಸಿದ ಕೋರ್ಸ್ ಹಾಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆ ತರಗತಿ, ಕಲಿಸುವವರು ದಿನವೂ ವಾರ್ಡ್‌ನಲ್ಲಿ, ಲ್ಯಾಬ್‌ನಲ್ಲಿ ದುಡಿಯುವ ನರ್ಸ್‌ಗಳು, ಟೆಕ್ನೀಷಿಯನ್‌ಗಳು. ಅದರಿಂದಲೇ ತುಂಬಾ ವ್ಯತ್ಯಾಸ ಆಗುತ್ತೆ.

ಹೆತ್ತವರೂ ಕೂತು ನೋಡಬಹುದಾದ ದಿನ ಬಿ.ಪಿ. ನೋಡುವ ಪಾಠ ಇತ್ತು. ಹುಡುಗರು ಮಾತಾಡುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು ತೆಗೆದ ಲೆಕ್ಕವನ್ನು ಮೇಡಂ ಒಪ್ಪಲೇ ಇಲ್ಲ. 5 ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆಯ ಮಟ್ಟಕ್ಕೆ ಬರಬೇಕು. ಆಮೇಲೆ ದಪ್ಪ ತೋಳಿನ ಒಬ್ಬ ಹುಡುಗನಿಗೆ ಬೇಕಂತಲೇ ಸಣ್ಣ ಪಟ್ಟಿ ಕಟ್ಟಿ ನೋಡಿದರು. ಬಿ.ಪಿ. ಜಾಸ್ತಿ ತೋರಿಸಿತು. ಸರಿಯಾದ ಪಟ್ಟಿ ಕಟ್ಟಿದ ಮೇಲೆ ಇಳಿಯಿತು. ಪಟ್ಟಿ ತಪ್ಪಿದರೆ ಬೇಡದ ಮಾತ್ರೆ ಶುರುವಾಗಬಹುದು ಅಂತ ಮೇಡಂ ಹೇಳಿದಾಗ ಗಲಾಟೆ ಮಾಡುತ್ತಿದ್ದ ಹುಡುಗರೂ ಗಂಭೀರವಾದರು. ಉಸಿರು ಎಣಿಸುವಾಗ ರೋಗಿಗೆ ಹೇಳಬಾರದಂತೆ, ಹೇಳಿದರೆ ಉಸಿರಾಟವೇ ಬದಲಾಗುತ್ತೆ. ನಾಡಿ ಹಿಡಿದ ಬೆರಳು ತೆಗೆಯದೆ ಕಣ್ಣು ಮಾತ್ರ ಎದೆಯ ಕಡೆ ತಿರುಗಿಸಬೇಕು. ಇಂಥದ್ದು ಬರೀ ಪುಸ್ತಕ ಓದಿದರೆ ಕೈಗೆ ಬರಲ್ಲ ಅಲ್ವಾ?

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸಲು ನೋಡುವ ಪಾಠವೂ ಅಷ್ಟೇ ಚೆನ್ನಾಗಿತ್ತು. ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ.ಗೆ ಕಡಿಮೆಯಾಗದೆ 6 ದಾಟದ ಹಾಗೆ ಒತ್ತಬೇಕು. ಮಕ್ಕಳು ಜೋರಾಗೇ ಒತ್ತುತ್ತಾರೆ, ಆದರೆ ಎದೆ ಪೂರ್ತಿ ಮೇಲೆ ಬರಲು ಬಿಡದೆ ಮೈಭಾರ ಅಲ್ಲೇ ಇಟ್ಟಿರುತ್ತಾರೆ, ಹಾಗಾದರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬಲ್ಲ. ನಾಲ್ಕು ಮಕ್ಕಳಿಗೆ ಅಭ್ಯಾಸಕ್ಕೆ ಒಂದು ಗೊಂಬೆ ಇದ್ದದ್ದರಿಂದ ಒಬ್ಬೊಬ್ಬರನ್ನೂ ತಿದ್ದಲು ಆಯಿತು.

ನನಗೆ ತುಂಬಾ ಇಷ್ಟವಾದದ್ದು, ಡಾಕ್ಟರ್, ನರ್ಸ್ ಬಿಟ್ಟು ಬೇರೆ ಕೆಲಸಗಳನ್ನು ತೋರಿಸಿದ್ದು. ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡುವವರು, ವೆಂಟಿಲೇಟರ್ ನೋಡಿಕೊಳ್ಳುವವರು, ಫಿಸಿಯೋಥೆರಪಿಸ್ಟ್, ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವ ಎಂಜಿನಿಯರ್, ಹೀಗೆ ವಾರಕ್ಕೊಬ್ಬರು ಬಂದರು. ಲ್ಯಾಬ್‌ನವರು ತಂದ ಎರಡು ರಕ್ತದ ಟ್ಯೂಬ್‌ಗಳನ್ನು ನನ್ನ ಮಗಳು ಇನ್ನೂ ಮರೆತಿಲ್ಲ. ಒಂದರಲ್ಲಿ ಮೇಲೆ ನಿಂತ ನೀರು ತಿಳಿಹಳದಿ, ಇನ್ನೊಂದರಲ್ಲಿ ಕೆಂಪು. ಕೆಂಪಗಿರುವುದರಲ್ಲಿ ರಕ್ತಕಣ ಒಡೆದಿವೆ, ಅದರ ಪೊಟ್ಯಾಸಿಯಂ ನಿಜಕ್ಕಿಂತ ಜಾಸ್ತಿ ಬರುತ್ತೆ, ನೋಡದೆ ರಿಪೋರ್ಟ್ ಕೊಟ್ಟರೆ ರೋಗಿಗೆ ಇಲ್ಲದ ತೊಂದರೆಗೆ ಚಿಕಿತ್ಸೆ ಆಗಿಬಿಡಬಹುದು. ರೋಗಿಯ ಮುಖವನ್ನೇ ನೋಡದವರ ಕೈಯಲ್ಲೂ ಇಷ್ಟು ಹೊಣೆ ಇರುತ್ತೆ ಅಂತ ಆ ವಯಸ್ಸಿಗೇ ಗೊತ್ತಾಗುವುದು ಸಣ್ಣ ವಿಷಯ ಅಲ್ಲ.

ಇನ್ನು ಕೊರತೆಗಳು. ರೋಗಿಯ ಜೊತೆ ಮಾತಾಡುವುದಕ್ಕೆ ಇಟ್ಟದ್ದು ಒಂದೇ ತರಗತಿ, ಅದೂ ಗಡಿಬಿಡಿಯಲ್ಲಿ ಮುಗಿಯಿತು. ಕಿವಿ ಕೇಳದ ಅಜ್ಜನಿಗೆ ಹೇಗೆ ಹೇಳಬೇಕು, ಸಿಟ್ಟಾದ ಮನೆಯವರ ಎದುರು ಏನು ಹೇಳಬಾರದು, ವಾರ್ಡ್‌ನಲ್ಲಿ ಕೇಳಿದ್ದನ್ನು ಗೆಳೆಯರ ಹತ್ತಿರ ಯಾಕೆ ಬಾಯಿಬಿಡಬಾರದು, ಇವಕ್ಕೆ ಸಾಕಷ್ಟು ಸಮಯ ಕೊಡಲೇಬೇಕಿತ್ತು. ಔಷಧದ ಲೆಕ್ಕಕ್ಕೂ ಒಂದೇ ಹಾಳೆ. 5.0 ಅಂತ ಬರೆದರೆ ಚುಕ್ಕೆ ಕಾಣದೆ 50 ಆಗುವ ಅಪಾಯ ಇದೆ, ಅದಕ್ಕೇ ಬರೀ 5 ಅಂತ ಬರೆಯಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು.

ಜಾಹೀರಾತಿನ ‘ಉದ್ಯೋಗಕ್ಕೆ ಸಿದ್ಧ’ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಈ ಸರ್ಟಿಫಿಕೇಟ್‌ನಿಂದ ಯಾವ ಲೈಸೆನ್ಸೂ ಸಿಗಲ್ಲ, ಮುಂದೆ ವರ್ಷಗಟ್ಟಲೆ ಓದು ಇದ್ದೇ ಇದೆ. ಪ್ರವೇಶ ಪರೀಕ್ಷೆಗೆ ತಯಾರಿ ಬೇಕು ಅನ್ನುವವರಿಗೂ ಇದು ಆಗಿಬರಲ್ಲ. ಆದರೆ ಈ ಕಡೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಮಗುವಿಗೆ ಖಂಡಿತ ಸೇರಿಸಿ.

ಸೇರಿಸುವವರು ಇನ್ನೊಂದು ನೆನಪಿಡಿ. ಆಸ್ಪತ್ರೆ ಭೇಟಿಗೆ ಮೊದಲು ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಕೇಳುತ್ತಾರೆ. ಹಾಕಿಸಿರದಿದ್ದರೆ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಬೇಕು, ಆದ್ದರಿಂದ ಅರ್ಜಿ ಹಾಕುವ ಮೊದಲೇ ಹಳೆಯ ಲಸಿಕೆ ಕಾರ್ಡ್ ತೆಗೆದು ನೋಡಿ.