ಮೂರು ವರ್ಷ, ಎರಡು ಎಕ್ಸ್-ವಿಂಗ್, ಸೋತ ಒಂದು ರೆಕ್ಕೆ

ಐದು ಮಿಲಿಮೀಟರ್. ನನ್ನ ಎಕ್ಸ್-ವಿಂಗ್‌ನ ಎಡಗಡೆ ಮೇಲಿನ ರೆಕ್ಕೆಯ ತುದಿ ಅಷ್ಟು ಕೆಳಗೆ ಇಳಿದಿತ್ತು. ಅದನ್ನು ಮೊದಲು ಕಂಡವಳು ನನ್ನ ಮಗಳು. "ಅಪ್ಪಾ, ಇದಕ್ಕೆ ಸುಸ್ತಾಗಿದೆ ನೋಡು" ಅಂದಳು. ಮೂರು ರೆಕ್ಕೆ ನೆಟ್ಟಗೆ ನಿಂತು ಒಂದು ಮಾತ್ರ ಬಾಗಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅವತ್ತಿನಿಂದ ನನಗೆ ಆ ಮೇಜಿನ ಮೇಲೆ ಬೇರೇನೂ ಕಾಣಲಿಲ್ಲ.

ಇದು 1:72 ಅಳತೆಯ, ಅಂದರೆ ಅಸಲಿಗಿಂತ 72 ಪಟ್ಟು ಚಿಕ್ಕದಾದ, ಜೋಡಿಸುವ ಪ್ಲಾಸ್ಟಿಕ್ ಕಿಟ್. ಸ್ಟಾರ್ ವಾರ್ಸ್ ಸಿನಿಮಾಗಳ ನಾಲ್ಕು ರೆಕ್ಕೆಯ ಬಾಹ್ಯಾಕಾಶ ಯುದ್ಧ ಹಡಗು, ಹಳೆಯ ಟಿ-65 ಎಕ್ಸ್-ವಿಂಗ್. ಕೊಂಡು ಮೂರು ವರ್ಷವಾಯಿತು. ಅದಾಗಿ ಒಂದು ವರ್ಷಕ್ಕೆ ಅದೇ ಕಂಪನಿಯ ಟಿ-70 ಕೂಡ ತಂದೆ. ಭಾಗಗಳ ಸಂಖ್ಯೆ, ಉದ್ದ, ಅಗಲ ಎಲ್ಲಾ ಡಬ್ಬದ ಮೇಲೆಯೇ ಇರುತ್ತದೆ, ನೀವು ಆಗಲೇ ನೋಡಿರುತ್ತೀರಿ. ಜೋಡಿಸುವುದೂ ಕಷ್ಟವಲ್ಲ. ಒತ್ತಿದರೆ ಕೂರುವ ಭಾಗಗಳು, ಅಂಟು ಬೇಕಾಗುವುದಿಲ್ಲ. ಎರಡು ಭಾನುವಾರ ಸಾಕು. ನಾನು ಹೇಳಬೇಕಾಗಿರುವುದು ಆಮೇಲಿನ ಕಥೆ. ಕಿಟ್ ವಿಮರ್ಶೆಗಳೆಲ್ಲ ಜೋಡಿಸಿ ಮುಗಿಸಿದ ದಿನಕ್ಕೇ ನಿಂತುಬಿಡುತ್ತವೆ. ಆದರೆ ಅದರ ಜೊತೆ ಬದುಕುವುದು ಶುರುವಾಗುವುದೇ ಅವತ್ತಿನಿಂದ, ಅಲ್ವಾ?

ನನ್ನ ಅಭ್ಯಾಸ ಹೇಳಿಬಿಡುತ್ತೇನೆ, ಯಾಕೆಂದರೆ ತೀರ್ಪೆಲ್ಲ ಅದರ ಮೇಲೆಯೇ ನಿಂತಿದೆ. ವರ್ಷಕ್ಕೆ ಒಂದೇ ಕಿಟ್ ಕೊಳ್ಳುತ್ತೇನೆ, ಅದಕ್ಕಿಂತ ಜಾಸ್ತಿ ಕೈಗೆ ಹಿಡಿಯುವುದಿಲ್ಲ. ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲ, ಎಲ್ಲ ಬಣ್ಣವೂ ಕೈ ಬ್ರಷ್‌ನಲ್ಲೇ. ಮತ್ತೆ ನಾನು ಮಾದರಿಗಳನ್ನು ಗಾಜಿನ ಕಪಾಟಿನೊಳಗೆ ಇಡುವವನಲ್ಲ. ಮುಟ್ಟುತ್ತೇನೆ.

ಪ್ರತಿದಿನ ಸಂಜೆ ಕೆಲಸ ಮುಗಿಸಿ ಮೇಜಿನ ದೀಪ ಹಚ್ಚುತ್ತೇನೆ. ಮೇಕಪ್‌ಗೆ ಬಳಸುವ ಮೆತ್ತನೆಯ ಬ್ರಷ್ ಒಂದಿದೆ, ಅದರಲ್ಲಿ ಮೂತಿಯಿಂದ ಹಿಂದಕ್ಕೆ ಧೂಳು ಜಾಡಿಸುತ್ತೇನೆ. ಮೂತಿ ಉದ್ದ, ಅಲ್ಲಿ ಒಂದೇ ಎಳೆತ. ಚಾಲಕನ ಗೂಡಿನ ಕಂಬಿಗಳ ಸಂದಿಯಲ್ಲಿ ಬ್ರಷ್ಷಿನ ತುದಿ ಮಾತ್ರ. ಅದರ ಹಿಂದೆ ಅರ್ಧ ಮುಳುಗಿ ಕೂತ ಡ್ರಾಯ್ಡ್ ಎಂಬ ರೋಬಾಟ್‌ನ ತಲೆ, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು, ಅದನ್ನು ಸುತ್ತಲೂ ಒಮ್ಮೆ ಸವರುತ್ತೇನೆ. ಕೊನೆಗೆ ನಾಲ್ಕು ಎಂಜಿನ್‌ಗಳ ಬಾಯಿ. ಇದೆಲ್ಲ ಆದ ಮೇಲೆ ರೆಕ್ಕೆ ಬಿಡಿಸುವುದು. ಎರಡು ಕಡೆಯ ಮೇಲಿನ ರೆಕ್ಕೆಗಳನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎತ್ತಿದರೆ ಕೆಳಗಿನವೂ ತಾವಾಗಿಯೇ ಇಳಿಯುತ್ತವೆ. ಒಳಗಿರುವ ಪುಟ್ಟ ಹಲ್ಲಿನ ಚಕ್ರಗಳು ನಾಲ್ಕನ್ನೂ ಸೇರಿಸಿಕೊಂಡಿವೆ. ಪೂರ್ತಿ ಬಿಚ್ಚಿದಾಗ "ಟಿಕ್" ಅಂತ ಒಂದು ಸಣ್ಣ ಸದ್ದು. ಆ ಸದ್ದು ಕೇಳಿದ ಮೇಲೆ ನನ್ನ ಓದು, ಬರಹ ಶುರು. ಮಗಳಿಗೂ ಇದು ಗೊತ್ತು. ರೆಕ್ಕೆ ಬಿಚ್ಚಿದ್ದರೆ ಅಪ್ಪನನ್ನು ಕರೆಯಬಾರದು, ಮುಚ್ಚಿದ್ದರೆ ಕರೆಯಬಹುದು. ಮಲಗುವ ಮುಂಚೆ ಮುಚ್ಚುವ ಕೆಲಸ ಅವಳದ್ದು.

ಈ ಬಿಚ್ಚುವ ರೆಕ್ಕೆಯಲ್ಲೇ ಎಕ್ಸ್-ವಿಂಗ್‌ನ ಜೀವ ಇರುವುದು. ಇದರ ಮೊದಲ ರೂಪ ಕೊಟ್ಟವರು ಸಿನಿಮಾಕ್ಕೆ ಹಡಗುಗಳ ವಿನ್ಯಾಸ ಮಾಡಿದ ಕಾಲಿನ್ ಕ್ಯಾಂಟ್‌ವೆಲ್. ಬ್ರಿಟನ್ನಿನ ಪಬ್ ಒಂದರಲ್ಲಿ ಹಲಗೆಗೆ ಎಸೆಯುತ್ತಿದ್ದ ಡಾರ್ಟ್ ನೋಡಿ ಈ ಆಕಾರ ಹೊಳೆಯಿತು ಎಂದು ಅವರೇ ಹೇಳಿದ್ದರು. ಮುಂದೆ ಚೂಪು, ಹಿಂದೆ ಗರಿ. ರೆಕ್ಕೆ ಬಿಚ್ಚುವುದು ಕೌಬಾಯ್ ಸೊಂಟದಿಂದ ಪಿಸ್ತೂಲು ಎಳೆದ ಹಾಗೆ ಇರಬೇಕು ಎಂಬುದೂ ಅವರ ಮಾತೇ. ಮುಂದೆ ಕಲಾವಿದ ಜೋ ಜಾನ್‌ಸ್ಟನ್ ಅದನ್ನು ತಿದ್ದಿ ತೀಡಿದರು. 1977ರ ಮೊದಲ ಸಿನಿಮಾದಲ್ಲಿ ಹತ್ತಿರದ ದೃಶ್ಯಗಳಿಗೆ ಬಳಸಿದ ಮಾದರಿಗಳ ಹೊಟ್ಟೆಯೊಳಗೆ ರೆಕ್ಕೆ ಬಿಚ್ಚಲು ಮೋಟರ್ ಇತ್ತು. ಒಡೆದು ಸಿಡಿಯಬೇಕಾದ ಮಾದರಿಗಳು ಬೇರೆಯೇ, ಅವು ಸರಳವಾಗಿದ್ದವು. ಕಥೆಯೊಳಗೂ ರೆಕ್ಕೆಗೆ ಕೆಲಸವಿದೆ. ಪಯಣಕ್ಕೆ ಮುಚ್ಚಿ, ಕಾಳಗಕ್ಕೆ ಬಿಚ್ಚಬೇಕು. ಬಿಚ್ಚಿದರೆ ತುದಿಯ ನಾಲ್ಕು ಲೇಸರ್ ಬಂದೂಕುಗಳು ದೂರ ದೂರ ಸರಿದು ಹೆಚ್ಚು ಜಾಗಕ್ಕೆ ಗುರಿ ಇಡುತ್ತವೆ. ಗಾಳಿಯೇ ಇಲ್ಲದ ಕಡೆ ರೆಕ್ಕೆ ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಹಾಗಿರುವಾಗ ರೆಕ್ಕೆಯ ಕೀಲೇ ಸೋತರೆ ಏನು ಉಳಿಯಿತು?

ಒಂದೂವರೆ ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ "ಟಿಕ್" ಸದ್ದು ಮೆತ್ತಗಾಯಿತು. ಒಂದು ದಿನ ನಿಂತೇ ಹೋಯಿತು. ಮಗಳು ಸುಸ್ತು ಅಂದದ್ದು ಅದಾದ ವಾರಕ್ಕೆ. ಬಿಚ್ಚಿ ನೋಡಿದೆ. ಹಲ್ಲಿನ ಚಕ್ರಗಳು ಚೆನ್ನಾಗಿಯೇ ಇದ್ದವು. ಸವೆದಿದ್ದು ರೆಕ್ಕೆಯ ಬುಡದ ಪಿನ್. ಬೆಂಕಿಕಡ್ಡಿಯಷ್ಟು ದಪ್ಪದ ಪಿನ್ ಅದು, ಒಳಗೆ ಟೊಳ್ಳು. ಅದರ ಮೇಲೆ ಇಡೀ ರೆಕ್ಕೆ, ಅದಕ್ಕೆ ಅಂಟಿದ ಎಂಜಿನ್, ತುದಿಯಲ್ಲಿ ಉದ್ದನೆಯ ಬಂದೂಕು, ಎಲ್ಲದರ ಭಾರ ಬೀಳುತ್ತದೆ. ಪ್ಲಾಸ್ಟಿಕ್ ಪಿನ್ ಪ್ಲಾಸ್ಟಿಕ್ ತೂತಿನಲ್ಲಿ ದಿನಾ ತಿರುಗಿದರೆ ಎರಡೂ ನುಣುಪಾಗುತ್ತವೆ, ಹಿಡಿತ ಹೋಗುತ್ತದೆ. ತೂತಿನ ಸುತ್ತ ಬಿಳಿ ಹಿಟ್ಟಿನಂಥ ಪುಡಿ ಕೂತಿತ್ತು. ಆ ಪುಡಿ ನೋಡಿದಾಗ ನಿಜಕ್ಕೂ ಬೇಜಾರಾಯಿತು.

ಕಂಪನಿಗೆ ಬರೆದೆ, ಫೋಟೋ ಕಳಿಸಿದೆ. ಹತ್ತು ದಿನ ಬಿಟ್ಟು ಉತ್ತರ ಬಂತು. ಇದು ಪ್ರದರ್ಶನಕ್ಕೆ ಇಡುವ ವಸ್ತು, ಚಲಿಸುವ ಭಾಗಗಳ ಸವೆತಕ್ಕೆ ನಾವು ಹೊಣೆಯಲ್ಲ, ಬಿಡಿ ಭಾಗ ಕೊಡುವುದಿಲ್ಲ ಎಂದು. ಡಬ್ಬದ ಮೇಲೆ ದೊಡ್ಡದಾಗಿ ರೆಕ್ಕೆ ಬಿಚ್ಚುವ ಚಿತ್ರ ಹಾಕಿ ಮಾರಿದವರ ಮಾತು ಇದು. ಬಿಚ್ಚುವ ರೆಕ್ಕೆ ಅಂತ ಹೇಳಿ ಕೊಟ್ಟ ಮೇಲೆ ಅದು ಬಿಚ್ಚುತ್ತಲೇ ಇರಬೇಕು. ಸೂಚನೆ ಪುಸ್ತಕದಲ್ಲಿ "ಪದೇ ಪದೇ ತಿರುಗಿಸಬೇಡಿ" ಅಂತ ಒಂದು ಸಾಲು ಕೂಡ ಇಲ್ಲ. ವರ್ಷಕ್ಕೆ ಒಂದೇ ಕಿಟ್ ಕೊಳ್ಳುವವನಿಗೆ ಇನ್ನೊಂದು ಕೊಂಡು ಪಿನ್ ತೆಗೆದುಕೋ ಅಂದರೆ ಅದು ಉತ್ತರವಲ್ಲ. ಆ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ.

ಆ ದಿನಗಳಲ್ಲಿ ದಿನಾ ಬಿಚ್ಚಿದ್ದು ಟಿ-70ಯನ್ನು. ಇದು 2015ರ ಸಿನಿಮಾದಲ್ಲಿ ಬಂದ ಹೊಸ ಪೀಳಿಗೆಯ ಎಕ್ಸ್-ವಿಂಗ್. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ. ಟಿ-65ರಲ್ಲಿ ರೆಕ್ಕೆಗಳು ಒಂದರ ಮೇಲೊಂದು ಮಲಗುತ್ತವೆ, ನಾಲ್ಕಕ್ಕೂ ತನ್ನದೇ ದುಂಡು ಎಂಜಿನ್. ಟಿ-70ರಲ್ಲಿ ಎರಡು ರೆಕ್ಕೆ ಒಂದಕ್ಕೊಂದು ಹೊಂದಿಕೊಂಡು ಒಂದೇ ರೆಕ್ಕೆಯಾಗಿಬಿಡುತ್ತವೆ. ಎಂಜಿನ್‌ಗಳ ಬಾಯಿಯೂ ಅರ್ಧ ಅರ್ಧ ಚಂದ್ರ. ಮುಚ್ಚಿದಾಗ ಎರಡು ಅರ್ಧ ಸೇರಿ ಪೂರ್ತಿ ಉಂಗುರ. ಕಲಾವಿದ ರಾಲ್ಫ್ ಮ್ಯಾಕ್ವಾರಿ ಮೊದಲ ಸಿನಿಮಾಕ್ಕೆ ಬರೆದು ಬಳಕೆಯಾಗದೆ ಉಳಿದ ಚಿತ್ರಗಳಿಂದ ಈ ಎಂಜಿನ್ ಹುಟ್ಟಿತು. ಸುಮಾರು ನಾಲ್ಕು ದಶಕ ಕಾದ ಕಲ್ಪನೆ ಅದು. ಆ ಎರಡು ಅರ್ಧ ಉಂಗುರಗಳು ಸೇರುವ ಗಳಿಗೆ ನೋಡಲು ತುಂಬ ಚೆಂದ. ಕೂದಲೆಳೆಯಷ್ಟು ಸಂದಿ ಉಳಿದು, ಅದೂ ಮಾಯವಾಗುತ್ತದೆ.

ಆದರೆ ದಿನಬಳಕೆಗೆ ಅದು ಆಗಲಿಲ್ಲ. ರೆಕ್ಕೆಗಳು ತೆಳ್ಳಗೆ, ಒಂದಕ್ಕೊಂದು ಉಜ್ಜಿಕೊಂಡೇ ಕೂರುತ್ತವೆ. ನಾನು ಬ್ರಷ್‌ನಲ್ಲಿ ಬಣ್ಣ ಹಚ್ಚುವವನು, ನನ್ನ ಪದರ ಸ್ವಲ್ಪ ದಪ್ಪ. ಎರಡೇ ತಿಂಗಳಲ್ಲಿ ಒಳಗಿನ ಅಂಚಿನ ಕಪ್ಪು ಬಣ್ಣ ಕೆರೆದು ಪ್ಲಾಸ್ಟಿಕ್ ಇಣುಕಿತು. ನನ್ನದು ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ಹಡಗು, ಹೊಸ ಸಿನಿಮಾಗಳ ಪೈಲಟ್ ಪೋ ಡ್ಯಾಮರನ್‌ನದು, ಕಪ್ಪಿನ ಮೇಲೆ ಒಂದೊಂದು ಗೀರೂ ಎದ್ದು ಕಾಣುತ್ತದೆ. ಬೆರಳಚ್ಚೂ ಅಷ್ಟೇ. ಏರ್‌ಬ್ರಷ್ ಇದ್ದವರಿಗೆ ಈ ತೊಂದರೆ ಕಡಿಮೆ. ಈಗ ಅದು ಮುಚ್ಚಿದ ರೆಕ್ಕೆಯಲ್ಲಿ ಕಪಾಟಿನ ಮೇಲಿದೆ, ಹಾಗೇ ಚೆನ್ನಾಗಿದೆ. 2019ರ ಸಿನಿಮಾಕ್ಕೆ ಕಟ್ಟಿದ ಪೂರ್ಣ ಗಾತ್ರದ ಟಿ-70 ಒಂದನ್ನು ಅಮೆರಿಕದ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯ ಎರವಲು ಪಡೆದಿದೆ. ನಿಜವಾದ ವಿಮಾನಗಳಿಗೆ ಮೀಸಲಾದ ಕಡೆ ಅದಕ್ಕೂ ಜಾಗ ಸಿಕ್ಕಿತು ಎಂಬುದು ನನಗೆ ತುಂಬ ಸಂತೋಷದ ವಿಷಯ.

ಸುಮಾರು ಆರು ತಿಂಗಳು ಟಿ-65 ಮುಚ್ಚಿಕೊಂಡೇ ಇತ್ತು. ಮಗಳು ಕೇಳುವುದನ್ನೂ ಬಿಟ್ಟಳು.

ಆ ಹೊತ್ತಿಗೆ ಒಂದು ಸುದ್ದಿ ಓದಿದೆ. ಮೊದಲ ಸಿನಿಮಾದಲ್ಲಿ ಕೆಂಪು ಪಡೆಯ ಮುಖಂಡ ರೆಡ್ ಲೀಡರ್‌ನ ಎಕ್ಸ್-ವಿಂಗ್ ಮಾದರಿ, ದಶಕಗಳ ಕಾಲ ಎಲ್ಲಿದೆ ಎಂದೇ ಗೊತ್ತಿಲ್ಲದ್ದು, ಮಾದರಿ ತಯಾರಕ ಗ್ರೆಗ್ ಜೈನ್ ಅವರ ಸಂಗ್ರಹದಲ್ಲಿ ಸಿಕ್ಕಿತು. ಅವರು ತೀರಿಕೊಂಡ ಮೇಲೆ ರಟ್ಟಿನ ಡಬ್ಬದಿಂದ ಹೊರಬಂದ ಅದು 2023ರ ಹರಾಜಿನಲ್ಲಿ 31 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಅದರ ಚಿತ್ರಗಳು. ಮೈಮೇಲೆಲ್ಲ ಕಲೆ, ಮಸಿ, ಎದ್ದ ಬಣ್ಣ. ಟ್ಯಾಂಕು, ಕಾರುಗಳ ಕಿಟ್‌ಗಳಿಂದ ಕಿತ್ತು ಅಂಟಿಸಿದ ಚೂರುಗಳು ಹಾಗೇ ಕಾಣುತ್ತಿದ್ದವು. ಅದನ್ನು ಕಟ್ಟಿದವರು ಕೈಗೆ ಸಿಕ್ಕಿದ್ದರಲ್ಲಿ ರಿಪೇರಿ ಮಾಡುತ್ತಾ ಕೆಲಸ ತೆಗೆದವರು. ನಾನೂ ಪಿನ್ ಹೊರಗೆ ತೆಗೆದೆ.

ಮಾಡಿದ್ದು ಇಷ್ಟೇ. ಪಿನ್ ಮತ್ತು ತೂತನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿದೆ. ನೀರಿನಲ್ಲಿ ಬೆರೆಯುವ ಬಣ್ಣವಿಲ್ಲದ ಅಕ್ರಿಲಿಕ್ ವಾರ್ನಿಶ್ ತೆಗೆದುಕೊಂಡು ಪಿನ್‌ಗೆ ಮಾತ್ರ ಒಂದು ತೆಳುವಾದ ಪದರ ಹಚ್ಚಿದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಹೀಗೆ ಮೂರು ಪದರ, ಮೂರು ದಿನ. ನೇಲ್ ಪಾಲಿಶ್ ಹಚ್ಚಿ ಅಂತ ಕೆಲವರು ಹೇಳುತ್ತಾರೆ, ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಬಹುದು, ಬೇಡ. ಸೂಪರ್ ಗ್ಲೂ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಹೊಗೆ ಪಾರದರ್ಶಕ ಭಾಗಗಳ ಮೇಲೆ ಮಂಜಿನ ಹಾಗೆ ಕೂರುತ್ತದೆ. ಚಾಲಕನ ಗೂಡಿನ ಗಾಜು ಹಾಳಾದರೆ ಮತ್ತೆ ತೆಗೆಯಲು ಆಗುವುದಿಲ್ಲ.

ನಾಲ್ಕನೇ ದಿನ ರೆಕ್ಕೆ ಕೂರಿಸಿದೆ. ಒಳಗೆ ಹೋಗುವಾಗ ಸ್ವಲ್ಪ ಬಿಗಿ, ಬೆರಳಿಗೆ ಗೊತ್ತಾಗುವಷ್ಟು. ಎತ್ತಿದೆ. ನಾಲ್ಕೂ ನಿಂತವು. ಮತ್ತೆ "ಟಿಕ್". ಪಕ್ಕದ ಕೋಣೆಯಿಂದ ಮಗಳು ಓಡಿ ಬಂದಳು.

ಅದಾಗಿ ವರ್ಷ ಕಳೆಯಿತು, ರೆಕ್ಕೆ ಬಿದ್ದಿಲ್ಲ. ಈ ನಡುವೆ ಕಂಡ ಬೇರೆ ಸಣ್ಣಪುಟ್ಟ ವಿಷಯಗಳೂ ಇವೆ. ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ, ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ನನ್ನದರ ಬಲಗಡೆ ಆಗಲೇ ತುಸು ತಿರುಗಿದೆ, ಹಳೆಯ ಹಡಗಾದ್ದರಿಂದ ಅಷ್ಟು ಕೆಟ್ಟದಾಗಿ ಕಾಣುತ್ತಿಲ್ಲ. ಗುರುತುಗಳಿಗೆ ಸ್ಟಿಕರ್ ಬಳಸಬೇಡಿ, ಒಂದು ವರ್ಷದಲ್ಲಿ ಅಂಚು ಎದ್ದು ಧೂಳು ಹಿಡಿಯುತ್ತದೆ. ನೀರಲ್ಲಿ ನೆನೆಸಿ ಕೂರಿಸುವ ಡೆಕಾಲ್ ಹಾಕಿ. ಬಂದೂಕಿನ ತುದಿಗಳು ಸೂಜಿಯಂತೆ ಇವೆ, ಡಬ್ಬದಿಂದ ಡಬ್ಬಕ್ಕೆ ಸಾಗಿಸುವಾಗ ಮೊದಲು ಬಾಗುವುದು ಅವೇ. ಫಲಕಗಳ ಗೆರೆಗಳಿಗೆ ತೆಳು ಕಂದು ಬಣ್ಣ ಹರಿಸಿ ಒರೆಸಿದರೆ ಸಾಕು, ಉಳಿದ ವಯಸ್ಸು ತಾನಾಗಿ ಬರುತ್ತದೆ.

ಕೊಳ್ಳಬೇಕಾ ಅಂತ ಕೇಳಿದರೆ, ಮುಟ್ಟುವವರು ಟಿ-65 ತಗೊಳ್ಳಿ. ಆದರೆ ಜೋಡಿಸುವ ಮೊದಲೇ ಪಿನ್‌ಗಳಿಗೆ ವಾರ್ನಿಶ್ ಹಚ್ಚಿ, ಆಮೇಲೆ ಭಾಗಗಳನ್ನು ಕಳಚುವುದು ಕಷ್ಟ. ನೋಡಿ ಖುಷಿಪಡುವವರು, ಬಣ್ಣ ತೆಳುವಾಗಿ ಹಚ್ಚಬಲ್ಲವರು ಟಿ-70 ತಗೊಳ್ಳಿ. ಗ್ರಾಹಕ ಸೇವೆ ನಂಬಿಕೊಂಡು ಮಾತ್ರ ಯಾವುದನ್ನೂ ತಗೊಳ್ಳಬೇಡಿ.

ಈ ವರ್ಷದ ಕಿಟ್ ಮತ್ತೆ ಟಿ-65. ಈ ಸಲ ಪಟ್ಟಿಗಳು ನೀಲಿ. ಮೊದಲ ಸಿನಿಮಾದ ಕಥೆಯಲ್ಲಿ ನಾಯಕ ಲ್ಯೂಕ್‌ನ ಪಡೆ ನೀಲಿಯೇ ಆಗಬೇಕಿತ್ತು. ಚಿತ್ರೀಕರಣಕ್ಕೆ ಮಾದರಿಗಳ ಹಿಂದೆ ನೀಲಿ ಪರದೆ ಬಳಸುತ್ತಿದ್ದರು, ನೀಲಿ ಬಣ್ಣ ಅದರಲ್ಲಿ ಕರಗಿಹೋಗುತ್ತದೆ ಎಂದು ಕೆಂಪಿಗೆ ಬದಲಾಯಿಸಿದರು. ಟಿ-65ಗಳ ನೀಲಿ ಪಡೆ ತೆರೆಯ ಮೇಲೆ ಬರಲು 2016ರವರೆಗೆ ಕಾಯಬೇಕಾಯಿತು. ಮಗಳು ನೀಲಿ ಬೆರೆಸಿ ಇಟ್ಟಿದ್ದಾಳೆ. ಪಿನ್‌ಗಳು ಹಲ್ಲುಕಡ್ಡಿಗಳ ತುದಿಯಲ್ಲಿ ನಿಂತು ಒಣಗುತ್ತಿವೆ. ನಾಳೆ ಮೂರನೇ ಪದರ.